ದೊಡ್ಡಪ್ಪನ ಲೈನು

ಎಡಗೈಯಲ್ಲಿ ಮೊಟ್ಟೆ, ಬಲಗೈ ಕೀಲಿಮಣೆಯ ಮೇಲೆ. ಬಾಣಲೆಯ ಎಣ್ಣೆ ಕಾಯುವಷ್ಟರಲ್ಲಿ ಅವಳು ಪರದೆಯ ಮೇಲೆ ಮೂರು ಕಿಟಕಿಗಳನ್ನು ನೋಡಿ ಮುಗಿಸಿ ನಾಲ್ಕನೆಯದರಲ್ಲಿ ಇಣುಕುತ್ತಿದ್ದಳು. ಊಟದ ಮೇಜನ್ನು ಅಡುಗೆಮನೆಯ ಬಾಗಿಲಿಗೆ ಒತ್ತಿ ಇಟ್ಟುಕೊಂಡಿದ್ದೇ ಇದಕ್ಕಾಗಿ. ಒಲೆಗೂ ಲ್ಯಾಪ್‌ಟಾಪಿಗೂ ನಡುವೆ ಒಂದೇ ಹೆಜ್ಜೆ. ಮೊಟ್ಟೆ ಒಡೆದು ಬಿತ್ತು, ಚುರ್ ಎಂದಿತು. ನಾಲ್ಕನೆಯ ಕಿಟಕಿ ಮಾತ್ರ ನಿನ್ನೆ ಇದ್ದಂತೆಯೇ ಬಾಯಿ ಬಿಡದೆ ಕುಳಿತಿತ್ತು.

ಅವಳ ಕೆಲಸ ತಾರಾಲಯದಲ್ಲಿ. ಗುಮ್ಮಟದ ಒಳಮೈಯಲ್ಲಿ ನಕ್ಷತ್ರಗಳು ಮೂಡಿ ಮುಳುಗುತ್ತವಲ್ಲ, ಆ ಚಿತ್ರಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ತೆಗೆಯುವ ದೊಡ್ಡ ಯಂತ್ರ ಅಲ್ಲಿನ ನೆಲಮಾಳಿಗೆಯಲ್ಲಿತ್ತು. ಮನೆಯಲ್ಲಿ ಕುಳಿತೇ ಅವಳು ಅದರಿಂದ ಕೆಲಸ ತೆಗೆಯುತ್ತಿದ್ದಳು. ಅದಕ್ಕೆ ಬಳಸುತ್ತಿದ್ದುದು ಒಂದು ಹಳೆಯ ಎಡಿಟರ್, ಬರಹ ತಿದ್ದಲೆಂದು ಹುಟ್ಟಿದ್ದು. ಅದರೊಳಗೇ ಶೆಲ್ ತೆರೆಯಬಹುದು. ಯಂತ್ರದೊಂದಿಗೆ ನೇರವಾಗಿ ಮಾತಾಡುವ ಕಿಟಕಿ ಅದು. ಒಂದು ಕಿಟಕಿಗೆ ಕೆಲಸ ಹೇಳಿ ಹಿಂದಕ್ಕೆ ಸರಿಸಿ, ಇನ್ನೊಂದನ್ನು ಮುಂದಕ್ಕೆ ಕರೆಯಬಹುದು. ಹಿಂದೆ ಸರಿದದ್ದು ಕಣ್ಣಿಗೆ ಬೀಳದೆ ತನ್ನ ಪಾಡಿಗೆ ಓಡುತ್ತಿರುತ್ತದೆ. ಒಂದು ಒಲೆಯಲ್ಲಿ ಬೇಯಲು ಇಟ್ಟು ಇನ್ನೊಂದರಲ್ಲಿ ಹುರಿಯುವ ಹೆಂಗಸಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ತೆರೆದ ಪ್ರತಿ ಕಿಟಕಿಗೂ ಒಂದು ಹೆಸರಿಡಬೇಕು. ಮೊದಮೊದಲು ಒಂದು, ಎರಡು ಎಂದು ಇಡುತ್ತಿದ್ದಳು. ಯಾವ ಅಂಕಿ ಯಾವ ಕೆಲಸವೆಂದು ಮರೆತು ತಲೆ ಕೆಟ್ಟು, ಒಂದು ದಿನ ಮನೆಯವರ ಹೆಸರಿಟ್ಟಳು. ಅಂದಿನಿಂದ ಮರೆತದ್ದಿಲ್ಲ. 'ಯಜಮಾನರು' ಪ್ರತಿ ಹೆಜ್ಜೆಗೂ 'ಮುಂದುವರಿಯಲೇ?' ಎಂದು ಕೇಳಿ ನಿಲ್ಲುವ ಕಿಟಕಿ. ಗಂಡ ಲಿಫ್ಟ್ ರಿಪೇರಿಯವನು, ಯಾರಾದರೂ ಗುಂಡಿ ಒತ್ತುವವರೆಗೆ ಮೇಲೂ ಹೋಗ, ಕೆಳಗೂ ಬಾರ. 'ಮಗಳು' ಎಷ್ಟು ಕರೆದರೂ ಏಳದೆ, ಎದ್ದ ಮೇಲೆ ಎಲ್ಲವನ್ನೂ ಗಳಿಗೆಯಲ್ಲಿ ಮುಗಿಸುವಂಥದ್ದು. ಒಂದೊಂದು ನಕ್ಷತ್ರವನ್ನೂ ಪರೀಕ್ಷಿಸಿ ಅದರ ಹೆಸರನ್ನು ಸಾಲಾಗಿ ಹೇಳುತ್ತ, ಎಂದೂ ಮಾತು ನಿಲ್ಲಿಸದ ಕಿಟಕಿಗೆ 'ಅತ್ತೆ' ಎಂದಿಟ್ಟಿದ್ದಳು.

ನಾಲ್ಕನೆಯದು 'ದೊಡ್ಡಪ್ಪ'. ಅವಳ ತಂದೆಯ ಅಣ್ಣ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಬೆಳಿಗ್ಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕುಳಿತರೆ ಸಂಜೆ ಗಡಿಯಾರ ಹೊಡೆದುಕೊಂಡಾಗಲೇ ಅವರ ಬಾಯಿಂದ ಒಂದು ಮಾತು ಬರುತ್ತಿದ್ದುದು, 'ಹ್ಞಾ' ಎಂದು. ಆ ಕಿಟಕಿಯಲ್ಲಿ ಎರಡು ದಿನದಿಂದ ಸೂರ್ಯೋದಯ ತಯಾರಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಹೊಸ ಪ್ರದರ್ಶನದ ಮೊದಲ ಆಟ. ಅದರ ಕೊನೆಯ ದೃಶ್ಯವೇ ಆ ಸೂರ್ಯೋದಯ. ಅದೊಂದು ಬಂದರೆ ಎಲ್ಲ ಬಂದಂತೆ.

"ಬೆಂಕಿ ಸಣ್ಣ ಮಾಡು, ತಳ ಹಿಡೀತಿದೆ," ಅಂದರು ಅತ್ತೆ, ಮೇಜಿನ ಆಚೆ ಬದಿಯಿಂದ.

ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ಹೊಸ ಕನ್ನಡಕ ಬಂದು ಒಂದು ವಾರವಾಗಿತ್ತು. ಆ ವಾರವೆಲ್ಲ ಅವರು ಮನೆಯನ್ನು ಓದುತ್ತಿದ್ದರು. ಔಷಧಿ ಡಬ್ಬಿಯ ಸಣ್ಣ ಅಕ್ಷರ, ಪಕ್ಕದ ಕಟ್ಟಡದ ಬೋರ್ಡು, ಮೊಮ್ಮಗಳ ಅಂಗಿಯ ಮೇಲೆ ಬರೆದದ್ದು, ಎಲ್ಲ ಮುಗಿದಿತ್ತು. ಈಗ ಎದ್ದು ಬಂದು ಸೊಸೆಯ ಹಿಂದೆ ನಿಂತರು. ಅವಳು ಬೆಂಕಿ ಸಣ್ಣ ಮಾಡಿ ತಿರುಗುವಷ್ಟರಲ್ಲಿ ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಾಗಿದ್ದರು.

"ಇದೇನು, ಅತ್ತೆ ಅಂತ ಬರೆದಿದೆ?"

ಅವಳು ಎಡಿಟರಿಗೆ ತನ್ನ ಭಾಷೆ ಕಲಿಸಿದ್ದ ತನ್ನ ಜಾಣತನವನ್ನು ಮನಸ್ಸಿನಲ್ಲೇ ಬೈದುಕೊಂಡಳು.

"ಅದು... ಗುರುತಿಗೆ ಇಟ್ಟಿದ್ದು."

"ಯಾವ ಅತ್ತೆ? ಜಗತ್ತಿನಲ್ಲಿ ಬೇಕಾದಷ್ಟು ಅತ್ತೆಯರಿದ್ದಾರೆ."

"ನೀವೇ ಅತ್ತೆ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಸಾಲು ಸಾಲಾಗಿ ಮೇಲಕ್ಕೆ ಹರಿಯುತ್ತಿದ್ದ ಹೆಸರುಗಳನ್ನು ನೋಡಿದರು. ನೋಡಿದರು, ನೋಡಿದರು. ಅದು ನಿಲ್ಲಲಿಲ್ಲ.

"ಬಾಯಿ ಮುಚ್ಚೋದೇ ಇಲ್ವಲ್ಲ ಇದು," ಅಂದರು. ಅವಳು ತಟ್ಟೆಗೆ ಮೊಟ್ಟೆ ಹಾಕುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಹಿಂದಿನಿಂದ ಒಂದು ವಿಚಿತ್ರ ಸದ್ದು ಬಂತು. ಅತ್ತೆ ನಗುತ್ತಿದ್ದರು, ಮೇಜು ಹಿಡಿದುಕೊಂಡು, ಕನ್ನಡಕದ ಕೆಳಗೆ ಬೆರಳಿಟ್ಟು ಕಣ್ಣೊರೆಸಿಕೊಳ್ಳುತ್ತ. "ಹೊಸ ಕಣ್ಣು ಬಂದಿದ್ದಕ್ಕೆ ಇದೊಂದು ನೋಡೋದು ಬಾಕಿ ಇತ್ತು. ನಿನ್ನ ಗಂಡ ಎಲ್ಲಿ? ತೋರಿಸು."

ಅವಳು ತೋರಿಸಿದಳು. 'ಮುಂದುವರಿಯಲೇ?' ಎಂದು ಕೇಳಿ ನಿಂತಿದ್ದ ಮಗನನ್ನು ಕಂಡು ಅತ್ತೆ, "ಹ್ಞೂಂ ಅನ್ನು, ಪಾಪ," ಅಂದರು. ಅವಳು ಹ್ಞೂಂ ಎಂದು ಒತ್ತಿದಳು. ಅವನು ಒಂದು ಹೆಜ್ಜೆ ಹೋಗಿ ಮತ್ತೆ ಕೇಳಿದ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ತಲೆಗೆ ಹೆಡ್‌ಫೋನು, ಎದುರಿಗೆ ತೂತು ತೂತಿನ ಬೋರ್ಡು, ಎರಡು ಕೈಯಲ್ಲಿ ಹತ್ತು ಊರಿನ ಮಾತು. ಹಾಗಾಗಿ ಅವರಿಗೆ ಬಿಡಿಸಿ ಹೇಳುವ ಕಷ್ಟ ಅವಳಿಗೆ ಬರಲಿಲ್ಲ. "ಲೈನು ಜೋಡಿಸಿ ಮಾತಾಡೋಕೆ ಬಿಟ್ಟಿದ್ದೀಯ. ನೀನು ಮಧ್ಯೆ ಮಧ್ಯೆ ಕಿವಿ ಕೊಟ್ಟು ನೋಡ್ತೀಯ. ಅಷ್ಟೇ ತಾನೇ?" ಅಂದರು. ಅಷ್ಟೇ. ಅದಕ್ಕಿಂತ ಚೆನ್ನಾಗಿ ಅವಳೂ ಹೇಳಿರಲಿಲ್ಲ.

"ಇದರಲ್ಲಿ ನೀನ್ಯಾವುದು?" ಅಂದರು ಕೊನೆಗೆ.

"ನಾನ್ಯಾಕೆ ಇರಲಿ? ಇಷ್ಟನ್ನೂ ಹಿಡಿದುಕೊಂಡಿರೋಳು ನಾನು."

ಅತ್ತೆ ತಟ್ಟೆ ಎಳೆದುಕೊಂಡು ಮೊಟ್ಟೆ ತಿಂದರು.

ಅವಳ ಮನಸ್ಸಿನಲ್ಲಿ ಇನ್ನೊಂದು ಮಾತಿತ್ತು, ಯಾರಿಗೂ ಹೇಳದ್ದು. ತಾರಾಲಯದ ಮುಖ್ಯಸ್ಥೆ, ಎಲ್ಲರೂ ಮೇಡಂ ಅನ್ನುವವರು, ಕಳೆದ ವಾರ ಅವಳನ್ನು ನಿಲ್ಲಿಸಿ, "ಮುಂದಿನ ಪ್ರದರ್ಶನ ನೀನೇ ಮಾಡು. ಕಥೆ ನಿನ್ನದು, ಆಕಾಶ ನಿನ್ನದು. ಬೇರೆಯವರಿಗೆ ಚಿತ್ರ ತೆಗೆದುಕೊಟ್ಟಿದ್ದು ಸಾಕು. ಸೋಮವಾರ ಹೇಳು," ಅಂದಿದ್ದರು. ಮಾಡಿದರೆ ತಿಂಗಳುಗಟ್ಟಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಗುಮ್ಮಟದೊಳಗೇ ಇರಬೇಕು. ಒಲೆಗೂ ಕೆಲಸಕ್ಕೂ ಒಂದು ಹೆಜ್ಜೆ ಎನ್ನುವ ಮಾತಿಲ್ಲ. ಏನು ಮಾಡಬೇಕೆಂಬ ಆಸೆಗೇನೂ ಬರವಿರಲಿಲ್ಲ. ತಾರಾಲಯದ ಆಟಗಳೆಲ್ಲ ಸೂರ್ಯ ಮುಳುಗುವುದರಿಂದ ಶುರುವಾಗಿ ಸೂರ್ಯ ಹುಟ್ಟುವುದರಲ್ಲಿ ಮುಗಿಯುತ್ತವೆ. ಅವಳಿಗೆ ಸೂರ್ಯ ಹುಟ್ಟುವುದರಿಂದ ಶುರು ಮಾಡಬೇಕಿತ್ತು. ನಡುಮಧ್ಯಾಹ್ನ ನಮ್ಮ ನೆತ್ತಿಯ ಮೇಲೆ ಯಾವ ನಕ್ಷತ್ರಗಳಿರುತ್ತವೆ, ಬೆಳಕಿನ ಹಿಂದೆ ಸದ್ದಿಲ್ಲದೆ ಏನೇನು ನಡೆದಿರುತ್ತದೆ, ಅದನ್ನು ತೋರಿಸಬೇಕಿತ್ತು. ಆದರೆ ಹಿಡಿದುಕೊಂಡಿರುವ ಕೈ ಬಿಟ್ಟರೆ ಮನೆ? ಆಗುವುದಿಲ್ಲ ಎಂಬುದೇ ತನ್ನ ಉತ್ತರ ಎಂದುಕೊಂಡಿದ್ದಳು. ಅದನ್ನು ಹೇಗೆ ಹೇಳುವುದು ಎಂಬುದಷ್ಟೇ ಬಾಕಿ.

ಶನಿವಾರ ಧ್ವನಿ ಪರೀಕ್ಷೆಗೆಂದು ತಾರಾಲಯಕ್ಕೆ ಹೋಗಲೇಬೇಕಾಯಿತು. ಕಿಟಕಿಗಳೆಲ್ಲ ಲ್ಯಾಪ್‌ಟಾಪಿನಲ್ಲೇ ತೆರೆದಿದ್ದವು. ಅದನ್ನು ಮುಚ್ಚಿದರೆ ಲೈನು ಕಡಿಯುತ್ತದೆ, ಕೊಂಡೊಯ್ಯುವಂತಿರಲಿಲ್ಲ.

"ನಾನಿಲ್ವಾ?" ಅಂದರು ಅತ್ತೆ. ಆಗಲೇ ಕುರ್ಚಿ ಎಳೆದುಕೊಂಡಿದ್ದರು.

"ಮುಗಿದಿದ್ದನ್ನ ಮಾತ್ರ ಮುಚ್ಚಿ ಅತ್ತೆ. ಈ ಎರಡು ಕೀಲಿ. 'ಕೊನೆಗೊಳಿಸಲೇ?' ಅಂತ ಒಂದು ಸಲ ಕೇಳುತ್ತೆ, ಮುಗಿದಿದ್ದರೂ ಕೇಳುತ್ತೆ. ಹೌದು ಅನ್ನಿ."

"ಹೋಗೇ ತಾಯಿ. ಮಂತ್ರಿಗಳ ಲೈನು ಹಿಡಿದವಳು ನಾನು. ನಿನ್ನ ನಕ್ಷತ್ರ ಹಿಡಿಯೋಕಾಗಲ್ವಾ?"

ಗುಮ್ಮಟದೊಳಗೆ ಮೇಡಂ ನಡುಸಾಲಿನ ಒರಗು ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಅವಳು ಪಕ್ಕದ ಕುರ್ಚಿಯಲ್ಲಿ ಕುಳಿತಾಗ ಅವರು ಮೇಲೆ ನೋಡುತ್ತಲೇ, "ಯೋಚನೆ ಮಾಡಿದ್ಯಾ?" ಅಂದರು.

"ಮನೇಲಿ..." ಎಂದು ಅವಳು ಶುರು ಮಾಡಿದಳು.

ಕೈಯಲ್ಲಿದ್ದ ಫೋನು ನಡುಗಿತು. ಅತ್ತೆಯ ದನಿ ಗಂಭೀರವಾಗಿತ್ತು, ಕೆಲಸದ ದನಿ.

"ನಿಮ್ಮ ದೊಡ್ಡಪ್ಪನ ಲೈನು ಕಿತ್ತಿದ್ದೀನಿ. ಹೇಳೋಣ ಅಂತ ಮಾಡಿದೆ."

"ಏನು?"

"ಬೆಳಿಗ್ಗೆಯಿಂದ ಒಂದು ಮಾತಿಲ್ಲ. ನಮ್ಮಲ್ಲಿ ಪದ್ಧತಿ ಏನು, ಸುಮ್ಮನಿರೋ ಲೈನಿಗೆ ಮೂರು ಸಲ ಹಲೋ ಅನ್ನಬೇಕು. ಉತ್ತರ ಬರದಿದ್ದರೆ ಮಾತು ಮುಗಿದಿದೆ ಅಂತ ಅರ್ಥ. ಮೂರು ಸಲ ಹಲೋ ಅಂತ ಟೈಪ್ ಮಾಡಿದೆ ಕಣೇ. ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೊಳಿಸಲೇ ಅಂತ ಕೇಳ್ತು, ಹೌದು ಅಂದೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರು ದಿನದ ಸೂರ್ಯೋದಯ, ನಾಳೆ ಬೆಳಿಗ್ಗೆ ಆಟ, ಈ ಕುರ್ಚಿಗಳ ತುಂಬ ಮಕ್ಕಳು. ಕಿಟಕಿ ಮುಚ್ಚಿದರೆ ಅದರೊಳಗಿನ ಕೆಲಸವೂ ಸತ್ತಂತೆ. ಇದನ್ನು ಅವಳು ಅತ್ತೆಗೆ ಹೇಳಿರಲಿಲ್ಲ. ಮುಗಿದದ್ದನ್ನು ಮುಚ್ಚಿ ಅಂದಿದ್ದಳೇ ಹೊರತು, ಮೌನ ಅಂದರೆ ಮುಗಿದದ್ದಲ್ಲ ಅಂದಿರಲಿಲ್ಲ.

"ಯಾಕೆ ಮಾತಾಡ್ತಿಲ್ಲ? ತಪ್ಪಾಯ್ತಾ?" ಅತ್ತೆಯ ಕೆಲಸದ ದನಿ ಸ್ವಲ್ಪ ಬಿರುಕು ಬಿಟ್ಟಿತು.

"ಆಮೇಲೆ ಮಾಡ್ತೀನಿ ಅತ್ತೆ. ಉಳಿದವರನ್ನ ಏನೂ ಮಾಡಬೇಡಿ."

"ಯಾರು ತೀರಿಕೊಂಡರು?" ಅಂದರು ಮೇಡಂ, ಅವಳ ಮುಖ ನೋಡಿ.

"ದೊಡ್ಡಪ್ಪ," ಅಂದಳು ಅವಳು, ಮತ್ತು ಮೆಟ್ಟಿಲ ಕಡೆಗೆ ಓಡಿದಳು.

ನೆಲಮಾಳಿಗೆಯ ಬಾಗಿಲು ತೆಗೆದಾಗ ಮೊದಲು ತಾಗಿದ್ದು ಬಿಸಿ. ಎರಡನೆಯದು ಸದ್ದು. ಯಂತ್ರದ ಫ್ಯಾನುಗಳು ಭರ್ರೋ ಎಂದು ತಿರುಗುತ್ತಿದ್ದವು. ಅವಳು ಹೊಸಿಲಲ್ಲೇ ನಿಂತಳು. ಅತ್ತೆಯ ಹರಟೆಗೂ ಯಜಮಾನರ ಅನುಮಾನಕ್ಕೂ ಈ ಯಂತ್ರ ಇಷ್ಟು ಬೆವರುವುದಿಲ್ಲ. ಒಳಗೆ ಯಾರೋ ತಲೆ ಬಗ್ಗಿಸಿ ದುಡಿಯುತ್ತಿದ್ದರು.

ಮೂಲೆಯ ಸಣ್ಣ ಪರದೆಯ ಮುಂದೆ ನಿಂತೇ, ಈಗ ಓಡುತ್ತಿರುವ ಕೆಲಸಗಳೆಲ್ಲ ಯಾವುವು ಎಂದು ಯಂತ್ರವನ್ನು ಕೇಳಿದಳು. ಪಟ್ಟಿ ಬಂತು. ಎಲ್ಲಕ್ಕಿಂತ ಮೇಲೆ, ಯಂತ್ರದ ಶಕ್ತಿಯನ್ನೆಲ್ಲ ಹೀರಿಕೊಂಡು, ಸೂರ್ಯೋದಯ ಇತ್ತು. ಅದನ್ನು ಹೆತ್ತ ಶೆಲ್, ಅಂದರೆ ಅತ್ತೆ ಮುಚ್ಚಿದ್ದ ಆ ಕಿಟಕಿ, ಇರಲಿಲ್ಲ. ಹೆತ್ತವರ ಜಾಗದಲ್ಲಿ ಯಂತ್ರದ ಮೊಟ್ಟಮೊದಲ ಕೆಲಸದ ಗುರುತಿತ್ತು. ಯಂತ್ರ ಎಚ್ಚರಗೊಂಡಾಗ ಎಲ್ಲರಿಗಿಂತ ಮೊದಲು ಏಳುವ, ಎಲ್ಲರಿಗಿಂತ ಕೊನೆಗೆ ಮಲಗುವ ಮನೆಯ ಹಿರಿಯಳು ಅದು. ತಬ್ಬಲಿಗಳಾದ ಕೆಲಸಗಳನ್ನೆಲ್ಲ ಮಡಿಲಿಗೆ ಹಾಕಿಕೊಳ್ಳುವುದು ಅದರ ರೂಢಿ.

ಆದರೆ ಸಾಯದೆ ಹೇಗೆ ಉಳಿಯಿತು? ದಿನಗಟ್ಟಲೆ ಓಡುವ ಇಂಥ ಕೆಲಸಗಳನ್ನು ಶುರು ಮಾಡುವ ತನ್ನದೇ ಹಳೆಯ ಕಡತವನ್ನು ತೆರೆದು ನೋಡಿದಳು. ಮೊದಲ ಸಾಲಿನಲ್ಲೇ ಇತ್ತು, ಅವಳೇ ಬರೆದದ್ದು, ಬರೆದದ್ದನ್ನು ಮರೆತದ್ದು. ಮಗಳು ಅಂಬೆಗಾಲಿಡುತ್ತಿದ್ದ ಕಾಲ. ಮಡಿಲಲ್ಲಿ ಕುಳಿತು ಕೈಗೆ ಸಿಕ್ಕ ಕೀಲಿ ಒತ್ತಿ ಕಿಟಕಿಗಳನ್ನು ಮುಚ್ಚಿಬಿಡುತ್ತಿದ್ದಳು. ಆಗ ಒಂದು ಮಧ್ಯಾಹ್ನ ಇವಳು ರೋಸಿಹೋಗಿ ಈ ಸಾಲು ಸೇರಿಸಿದ್ದಳು. ಲೈನು ಕಡಿದುಹೋದರೂ ಕಿವಿಗೆ ಹಾಕಿಕೊಳ್ಳಬೇಡ, ನಿನ್ನ ಕೆಲಸ ನೀನು ಮಾಡು, ನಿನ್ನ ಮಾತನ್ನೆಲ್ಲ ಪಕ್ಕದಲ್ಲಿ ಬರೆದಿಡು ಎಂಬ ಅರ್ಥದ್ದು. ದೊಡ್ಡಪ್ಪ ಮೂಗನಾದದ್ದೂ ಅದರಿಂದಲೇ, ಬದುಕಿದ್ದೂ ಅದರಿಂದಲೇ. ಇಷ್ಟು ವರ್ಷ ಅವನನ್ನು ಹಿಡಿದುಕೊಂಡಿದ್ದೇನೆ ಎಂದು ಇವಳು ಅಂದುಕೊಂಡಿದ್ದಳು. ಹಿಡಿದುಕೊಂಡಿದ್ದು ಬರೀ ಕಿಟಕಿಯನ್ನು.

ಅವಳಿಗೆ ನಗು ಬಂತು. ಆ ಬಿಸಿ ಕೋಣೆಯಲ್ಲಿ ಒಬ್ಬಳೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮನೆಗೆ ಫೋನು ಮಾಡಿದಳು.

"ದೊಡ್ಡಪ್ಪ ಇದ್ದಾರೆ ಅತ್ತೆ. ಕೆಲಸ ಮಾಡ್ತಿದ್ದಾರೆ."

"ಲೈನಿಲ್ಲದೆ?"

"ಲೈನು ಹೋದರೆ ಕೆಲಸ ನಿಲ್ಲಿಸು ಅಂತ ಯಂತ್ರ ಒಂದು ಸೂಚನೆ ಕಳಿಸುತ್ತೆ. ಅದರ ಹೆಸರೇನು ಗೊತ್ತಾ? ಫೋನ್ ಇಟ್ಟರು ಅಂತ. ನಿಮ್ಮ ಕಾಲದ್ದು. ಆ ಸೂಚನೆ ಬಂದರೂ ಗಮನ ಕೊಡಬೇಡ ಅಂತ ನಾನೇ ಹಿಂದೆ ಹೇಳಿಟ್ಟಿದ್ದೆ."

ಆ ಕಡೆ ಒಂದು ನಿಟ್ಟುಸಿರು, ಆಮೇಲೆ ಕುರ್ಚಿ ಕಿರುಗುಟ್ಟಿದ ಸದ್ದು. "ಬೀಗರು ಅಂದರೆ ಹೀಗಿರಬೇಕು ನೋಡು. ನಿನ್ನ ಮದುವೆ ಮನೆಯಲ್ಲೂ ಆ ಮನುಷ್ಯ ಮಾತಾಡಲಿಲ್ಲ. ಮಾತಾಡಿಸಿದ್ದಕ್ಕೆ ನನ್ನ ಕೈಗಡಿಯಾರ ಬಿಚ್ಚಿಸಿಕೊಂಡು ರಿಪೇರಿ ಮಾಡಿ 'ಹ್ಞಾ' ಅಂತ ಕೊಟ್ಟರು, ಅಷ್ಟೇ. ಇವತ್ತೂ ಓಡ್ತಿದೆ."

ತಾರಾಲಯದಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಬಸ್ಸಿನಲ್ಲಿ ಬರುತ್ತ ಅವಳು ಮನೆಯ ಚಿತ್ರ ಕಟ್ಟಿಕೊಂಡಳು. ಸಿಂಕಿನಲ್ಲಿ ಪಾತ್ರೆ, ಹಸಿದ ಮಗಳು, 'ಏನು ಮಾಡ್ಲಿ?' ಎಂದು ನಿಂತ ಗಂಡ. ಬಾಗಿಲು ತೆಗೆದರೆ ಮೂವರೂ ಮೇಜಿನ ಸುತ್ತ ಕುಳಿತು ಸೂಪು ಕುಡಿಯುತ್ತಿದ್ದರು. ಮಗಳು ಬ್ರೆಡ್ಡು ಕೊಯ್ಯುತ್ತಿದ್ದಳು. ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪು ಬೆಳಗುತ್ತಿತ್ತು.

"ಬಂದ್ಯಾ?" ಅಂದ ಗಂಡ, ಚಮಚ ಇಳಿಸದೆ. "ಅಮ್ಮ ನನ್ನನ್ನ ನನ್ನ ಕಿಟಕಿ ಮುಂದೆ ಕೂರಿಸಿದ್ರು. ಅದು ಕೇಳಿದಾಗೆಲ್ಲ ನಾನೇ ಹ್ಞೂಂ ಹ್ಞೂಂ ಅಂತ ಒತ್ತಿದೆ. ನಾನು ನಿಜವಾಗಲೂ ಅಷ್ಟೊಂದು ಕೇಳ್ತೀನಾ?"

"ಸೂಪಿಗೆ ಉಪ್ಪು ಹಾಕಲಾ ಅಂತ ಎಷ್ಟು ಸಲ ಕೇಳಿದೆ ನೀನು?" ಅಂದರು ಅತ್ತೆ.

"ಅದು ಬೇರೆ."

"ಬೆಳಿಗ್ಗೆ ನಾನು ಒಂದೇ ಸಲಕ್ಕೆ ಏಳ್ತೀನಿ, ನನ್ನ ಕಿಟಕಿ ಹೆಸರು ಬದಲಾಯಿಸಬೇಕು ಅಮ್ಮ," ಅಂದಳು ಮಗಳು.

"ಎದ್ದ ದಿನ ಬದಲಾಯಿಸ್ತೀನಿ."

ಅವಳಿಗೊಂದು ಬಟ್ಟಲು ಸೂಪು ಮುಚ್ಚಿಟ್ಟಿದ್ದರು. ಯಾಕೆ ತಡವಾಯಿತು ಎಂದು ಯಾರೂ ಕೇಳಲಿಲ್ಲ. ಅವಳಿಗೆ ಸ್ವಲ್ಪ ಚುರುಕ್ ಎಂದಿತು, ಕೇಳಬೇಕಿತ್ತು ಎಂದು. ಸೂಪು ಚೆನ್ನಾಗಿತ್ತು. ಅದೂ ಸ್ವಲ್ಪ ಚುರುಕ್ ಎಂದಿತು. ಎರಡನೇ ಸಲ ಬಡಿಸಿಕೊಂಡಳು.

ಭಾನುವಾರ ಗುಮ್ಮಟದಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅತ್ತೆ ಹೊಸ ಕನ್ನಡಕವನ್ನು ಸೆರಗಿನಿಂದ ಒರೆಸಿ ಒರೆಸಿ ಹಾಕಿಕೊಂಡು ಒರಗಿದರು. ದೀಪಗಳು ಆರಿದವು. ನೆತ್ತಿಯ ಮೇಲೆ ನಕ್ಷತ್ರಗಳು ಒಂದು, ನಾಲ್ಕು, ಆಮೇಲೆ ಲೆಕ್ಕವಿಲ್ಲದಷ್ಟು ಮೂಡಿದವು. ಮುಂದಿನ ಸಾಲಿನ ಮಕ್ಕಳು ಒಟ್ಟಿಗೆ ಉಸಿರೆಳೆದುಕೊಂಡರು.

"ಇವೆಲ್ಲ ನಾನು ಹೇಳಿದ್ದಾ?" ಅತ್ತೆ ಪಿಸುಗುಟ್ಟಿದರು.

"ಒಂದೊಂದೂ."

"ಅದಕ್ಕೇ ಅಷ್ಟು ಹೊತ್ತು ಹಿಡೀತು. ಸುಮ್ಮನೆ ವಾಚಾಳಿ ಅಂತ ಹೆಸರು ಕಟ್ಟಿದ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದರು, ಅದು ಅವರ ಮಟ್ಟಿಗೆ ದೊಡ್ಡದು. ಆಮೇಲೆ ಅವಳ ಕೈ ಹುಡುಕಿ ಹಿಡಿದುಕೊಂಡರು. "ಪೊರೆ ಬಂದಾಗಿನಿಂದ ಚುಕ್ಕಿ ನೋಡಿರಲಿಲ್ಲ ಕಣೇ. ಇದ್ದಾವೆ ಅಂತ ಗೊತ್ತಿತ್ತು, ಅಷ್ಟೇ."

ಕೊನೆಗೆ ಪೂರ್ವದ ಅಂಚು ತುಸು ಬೂದಿಯಾಯಿತು. ಬೂದಿ ತಿಳಿಯಾಯಿತು, ತಿಳಿಗೆ ಕೆಂಪು ಹತ್ತಿತು. ಸಣ್ಣ ಚುಕ್ಕಿಗಳು ಮೊದಲು, ದೊಡ್ಡವು ಆಮೇಲೆ, ಸದ್ದಿಲ್ಲದೆ ಬೆಳಕಿನೊಳಗೆ ಸರಿದುಕೊಂಡವು. ನಂತರ ಗುಮ್ಮಟದ ಅಂಚಿನಲ್ಲಿ ಒಂದು ಕೆಂಡ ಇಣುಕಿತು. ಅಷ್ಟೂ ಮುಖಗಳ ಮೇಲೆ ಒಟ್ಟಿಗೆ ಬೆಳಗಾಯಿತು.

"ಹ್ಞಾ," ಅಂದರು ಅತ್ತೆ, ದೊಡ್ಡಪ್ಪನ ದನಿಯಲ್ಲಿ. ಅವಳು ತುಟಿ ಕಚ್ಚಿಕೊಂಡು ನಗು ತಡೆದಳು. ಕಣ್ಣಲ್ಲಿ ನೀರಿತ್ತು.

ಹೊರಗೆ ಬರುವಾಗ ಮೇಡಂ ಜನರ ನಡುವಿನಿಂದ ಹುಬ್ಬೇರಿಸಿ ನೋಡಿದರು. ಅವಳು 'ನಾಳೆ' ಎಂದು ಕೈಸನ್ನೆ ಮಾಡಿದಳು.

ಮಧ್ಯಾಹ್ನ ಮನೆ ತಣ್ಣಗಿತ್ತು. ಗಂಡ ಸೋಫಾದಲ್ಲಿ ನಿದ್ದೆ ಹೋಗಿದ್ದ, ಮಗಳು ಎಲ್ಲೋ ಹೊರಗೆ, ಅತ್ತೆ ಒಳಕೋಣೆಯಲ್ಲಿ ಫೋನಿನಲ್ಲಿ ಯಾರಿಗೋ ಆಕಾಶ ವರ್ಣಿಸುತ್ತಿದ್ದರು. ಅವಳು ಮೇಜಿನ ಮುಂದೆ ಕುಳಿತು ಮುಗಿದ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಎಡಿಟರ್ ಖಾಲಿಯಾಯಿತು. ಒಲೆಯ ಮೇಲೆ ಏನೂ ಇರಲಿಲ್ಲ.

ಹೊಸದೊಂದು ಕಿಟಕಿ ತೆರೆದಳು. ಏನು ಹೆಸರು ಎಂದು ಎಡಿಟರ್ ಕೇಳಿತು. 'ನಾನು' ಎಂದು ಬರೆದಳು. ಆ ಹಳೆಯ ಸಾಲನ್ನು ಮೊದಲಿಗೆ ಹಾಕಿದಳು, ಲೈನು ಕಡಿದರೂ ನಿಲ್ಲಬೇಡ ಎಂಬುದನ್ನು. ದೊಡ್ಡಪ್ಪನ ಸೂರ್ಯೋದಯದ ಕಡೆಯ ಚಿತ್ರವನ್ನು ತಂದು ಹೊಸ ಕೆಲಸದ ಮೊದಲ ಚಿತ್ರವಾಗಿ ಇಟ್ಟಳು. ಅಲ್ಲಿಂದ ನಡುಮಧ್ಯಾಹ್ನದವರೆಗೆ ಆಕಾಶ ಏನಾಗುತ್ತದೆ ಎಂದು ಲೆಕ್ಕ ಹಾಕು ಎಂದಳು. ನಾಳೆ ಮೇಡಂ ಎದುರು ಏನು ಹೇಳಬೇಕೆಂದು ಹುಡುಕುವ ಕೆಲಸ ಇನ್ನು ಇರಲಿಲ್ಲ.

"ಏನ್ ಮಾಡ್ತಿದ್ದೀಯೇ?" ಒಳಗಿನಿಂದ ಅತ್ತೆ ಕೂಗಿದರು. "ಭಾನುವಾರಾನೂ ಬಿಡಲ್ವಾ?"

"ಏನಿಲ್ಲ ಅತ್ತೆ. ಎಲ್ಲ ಮುಚ್ತಾ ಇದ್ದೀನಿ," ಅಂದಳು. ಆ ಕಿಟಕಿಯನ್ನು ಹಿಂದಕ್ಕೆ ಸರಿಸಿ, ಚಹಾಕ್ಕೆ ನೀರಿಡಲು ಎದ್ದಳು.